ಬೆಲ್ಲ ತಿಂದ ಹೊಗೆ

ನಮ್ಮ ಊರಿಗೆ ಬರುವ ಹಡಗುಗಳ ಹೊಗೆ ಆಗೆಲ್ಲ ಆಕಾಶಕ್ಕೆ ಹೋಗುತ್ತಿರಲಿಲ್ಲ. ಹಡಗು ಲಂಗರು ಇಳಿಸಿದ ಸ್ವಲ್ಪ ಹೊತ್ತಿಗೆ ಅದು ಕೊಳವೆಯಿಂದ ಇಳಿದು, ನೀರಿನ ಮೇಲೆ ನಡೆದು, ಬಂದರಿನ ಧಕ್ಕೆಯ ಮೆಟ್ಟಿಲು ಹತ್ತಿ ಪೇಟೆಗೆ ಬರುತ್ತಿತ್ತು. ಮೀನು ಒಣಗಿಸುವ ಅಂಗಳ ದಾಟಿ, ಇದ್ದಿನಬ್ಬನ ಚಹದ ಅಂಗಡಿಯ ಮುಂದೆ ತುಸು ನಿಂತು, ಅತ್ತ ಇತ್ತ ನೋಡಿ, ತನಗೆ ಸರಿಕಂಡ ಮನೆಯ ಬಾಗಿಲಿಗೆ ಹೋಗಿ ಕೆಮ್ಮುತ್ತಿತ್ತು. ಮನೆಯವರು ಎದ್ದು ಬಂದು "ಬನ್ನಿ, ಕೂತುಕೊಳ್ಳಿ" ಎನ್ನುತ್ತಿದ್ದರು. ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಡುತ್ತಿದ್ದರು. ಹಡಗು ಹೊರಡುವ ತನಕ ಹೊಗೆ ಆ ಮನೆಯ ಅತಿಥಿ. ನನ್ನ ಅಜ್ಜಿಯ ಕಾಲದಲ್ಲಿಯೂ ಹೀಗೆಯೇ ಇತ್ತು. ಅವಳ ಅಜ್ಜಿಯ ಕಾಲದಲ್ಲಿ ಹಾಯಿಯ ಹಡಗುಗಳು ಮಾತ್ರ ಬರುತ್ತಿದ್ದುದರಿಂದ ಅತಿಥಿಗಳಿಲ್ಲದೆ ಊರಿಗೆ ಬಹಳ ಬೇಸರವಾಗಿತ್ತಂತೆ.

ಆದ್ದರಿಂದ ನಮ್ಮಲ್ಲಿ ಮನೆತನದ ಯೋಗ್ಯತೆಯನ್ನು ಜಂತಿಯ ಕಪ್ಪಿನಿಂದ ತಿಳಿಯುವುದು ವಾಡಿಕೆ. ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖಕ್ಕಿಂತ ಮೊದಲು ತಲೆಯೆತ್ತಿ ಮಾಡು ನೋಡುತ್ತಿದ್ದರು. "ಜಂತಿ ಕಾಡಿಗೆಯ ಹಾಗೆ ಉಂಟು ಮಾರಾಯ್ರೆ" ಎಂದು ಹಿರಿಯರೊಬ್ಬರು ಹೇಳಿದರೆ ಸಂಬಂಧ ಗಟ್ಟಿಯಾದ ಹಾಗೆ. ಗೋಡೆ ಬಿಳಿಯಾಗಿ ಉಳಿದ ಮನೆಯವರು ನೆಂಟರು ಬಂದಾಗ ಕಿಟಕಿಗೆ ಪರದೆ ಎಳೆಯುತ್ತಿದ್ದರು.

ಇನ್ನು ಬೆಲ್ಲದ ವಿಷಯ. ನಮ್ಮ ಊರಿನಲ್ಲಿ ಅತಿಥಿಯಾಗಿ ಬಂದು ಒಂದು ಮನೆಯ ಬೆಲ್ಲ ತಿಂದವರು ಆ ಮನೆಯ ಮಾಡಿನ ಕೆಳಗೆ ಇರುವಷ್ಟು ಹೊತ್ತು ಸುಳ್ಳು ಹೇಳಲಾರರು. ಇದು ಮನುಷ್ಯರಿಗೂ ಹೌದು, ಹೊಗೆಗೂ ಹೌದು. ಮದುವೆಯ ದಲ್ಲಾಳಿಗಳು ನೀರು ಮಾತ್ರ ಕುಡಿದು, ಬೆಲ್ಲವನ್ನು ತಟ್ಟೆಯಲ್ಲಿಯೇ ಬಿಟ್ಟು, ಹಲ್ಲುನೋವು ಎನ್ನುತ್ತಿದ್ದರು. ಬಂದರಿನ ಅಧಿಕಾರಿ ಶ್ರೀಪತಿ ರಾಯರು ಊರಿಗೆ ಬಂದ ಹೊಸತರಲ್ಲಿಯೇ ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಎಲ್ಲರಿಗೂ ತಿಳಿಸಿಬಿಟ್ಟರು. ಇದ್ದಿನಬ್ಬನ ಅಂಗಡಿಯಲ್ಲಿ ಮಾತ್ರ ಅವರ ಚಹಕ್ಕೆ ಎರಡು ಚಮಚ ಸಕ್ಕರೆ ಬೀಳುತ್ತಿತ್ತು.

ಮುಚ್ಚಿಡುವ ಶಕ್ತಿಯೇ ಇಲ್ಲದವನನ್ನು ಪ್ರಶ್ನೆ ಕೇಳುವುದು, ಕೈ ಕಟ್ಟಿದವನ ಜೇಬಿಗೆ ಕೈಹಾಕಿದಷ್ಟೇ ಹೀನವೆಂದು ನಮ್ಮ ಹಿರಿಯರು ತಿಳಿದಿದ್ದರು. ಹೀಗಾಗಿ ಅತಿಥಿಯನ್ನು ಎಲ್ಲಿಂದ ಬಂದಿರಿ ಎಂದು ಕೇಳುವಂತಿಲ್ಲ, ಏನು ಉಂಡಿರಿ ಎಂದಂತೂ ಕೇಳಲೇಬಾರದು. ಬೇರೆ ಊರುಗಳಲ್ಲಿ ಎದುರಾದವರೆಲ್ಲ "ಊಟ ಆಯ್ತಾ?" ಎನ್ನುತ್ತಾರಂತೆ. ನಮ್ಮಲ್ಲಿ ಆ ಮಾತು ಮಕ್ಕಳ ಬಾಯಲ್ಲಿ ಬಂದರೂ ತಾಯಂದಿರು ಕಣ್ಣು ಬಿಡುತ್ತಿದ್ದರು. ಕೇಳಿದ ಮನೆಗೆ ಆಮೇಲೆ ಯಾವ ಅತಿಥಿಯೂ ಕಾಲಿಡುವುದಿಲ್ಲ, ಸಂಬಂಧ ಬೆಳೆಸಲೂ ಯಾರೂ ಬರುವುದಿಲ್ಲ ಎಂಬ ನಂಬಿಕೆ ಇತ್ತು.

ನಾನು ಅನಂತಮತಿ. ಬಸದಿಯ ಬೀದಿಯ ಕೊನೆಯ ಮನೆ ನಮ್ಮದು. ನನ್ನ ತಂಗಿ ಪ್ರಭಾವತಿ ಗಂಡನನ್ನು ಬೇಗ ಕಳೆದುಕೊಂಡು, ಮಗಳು ಮಾಲಿನಿಯನ್ನು ಎತ್ತಿಕೊಂಡು ತವರಿಗೆ ಬಂದವಳು. ನಾನು ಮದುವೆಯಾಗಲಿಲ್ಲ. ಇಬ್ಬರೂ ಸೇರಿ ಆ ಮಗುವನ್ನು ಬೆಳೆಸಿದೆವು. ನಾವು ಜೈನರು, ಹೊತ್ತು ಮುಳುಗುವ ಮೊದಲು ಉಣ್ಣುವವರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವರು. ಗಾಳಿಯಲ್ಲಿಯೂ ಜೀವಗಳಿವೆ, ಗಾಳಿಯೇ ಕೆಲವು ಜೀವಗಳ ಮೈ ಎಂದು ನಮಗೆ ಚಿಕ್ಕಂದಿನಲ್ಲಿ ಬಸದಿಯಲ್ಲಿ ಕಲಿಸಿದ್ದರು. ಪ್ರಭೆ ಹೊಗೆಗೂ ಸೋಸಿದ ನೀರನ್ನೇ ಕೊಡುತ್ತಿದ್ದಳು. "ಅದಕ್ಕೆ ಎಂತದು ಸೋಸುದು, ಹೊಗೆಗೆ ಹೊಟ್ಟೆ ಉಂಟಾ?" ಎಂದು ನಾನು ನಗಾಡಿದರೆ, "ಹೊಟ್ಟೆ ಇಲ್ಲದಿದ್ದರೆ ಎಂತಾಯ್ತು ಅಕ್ಕ, ಮರ್ಯಾದೆ ಇಲ್ಲವಾ?" ಎನ್ನುತ್ತಿದ್ದಳು.

ಅತಿಥಿ ಸತ್ಕಾರದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಹೊಗೆ ಬೀದಿಯಲ್ಲಿ ನಿಂತು ಕಾಯಬಾರದೆಂದು ಅವಳು ಕಿಟಕಿಗಳನ್ನೆಲ್ಲ ತೆರೆದಿಡುತ್ತಿದ್ದಳು. ಕೆಂಪು ಹೊಟ್ಟೆಯ ದೊಡ್ಡ ಹಡಗೊಂದು ಪ್ರತಿ ತಿಂಗಳೂ ಬರುತ್ತಿತ್ತು. ಅದರ ಹೊಗೆ ಬೇರೆ ಯಾರ ಮನೆಗೂ ಹೋಗದೆ ನೇರವಾಗಿ ನಮ್ಮಲ್ಲಿಗೇ ಬರುತ್ತಿತ್ತು. ಚಾವಡಿಯಲ್ಲಿ ಪಶ್ಚಿಮದ ಗೋಡೆಗೆ ತಾಗಿದ ಒರಗು ಕುರ್ಚಿ ಪ್ರಭೆಯದು, ಎದುರಿನ ಬೆಂಚು ಆ ಹೊಗೆಯದು. ಅವಳು ಹೂ ಕಟ್ಟುತ್ತಾ ಬೀದಿಯ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು, ಅದು ಹೂಂಗುಡುತ್ತಾ ಕೇಳುತ್ತಿತ್ತು. ದೊಡ್ಡ ಮೈ, ದಪ್ಪ, ಕೊಳೆತ ಮೊಟ್ಟೆಯ ಹಾಗೂ ಹೊಡೆದ ಪಟಾಕಿಯ ಹಾಗೂ ವಾಸನೆ. ಆದರೆ ನಡತೆ ಒಳ್ಳೆಯದು. ದೇವರ ಕೋಣೆಯ ಹೊಸ್ತಿಲು ಅದು ಎಂದೂ ದಾಟಿದ್ದಿಲ್ಲ. ಹಾಗಿದ್ದರೂ ಕೋಣೆಯೊಳಗಿನ ಬೆಳ್ಳಿಯ ದೀಪ ಪ್ರತಿ ತಿಂಗಳೂ ಕಪ್ಪಾಗುತ್ತಿತ್ತು. ನಾನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ.

ಪ್ರಭೆಯ ಎದೆಯಲ್ಲಿ ಮೊದಲು ಒಂದು ಸಣ್ಣ ಸಿಳ್ಳು ಕೇಳಿಸಿತು. ನಮ್ಮಲ್ಲಿ ಐದು ಸಾಲಿನ ನಮಸ್ಕಾರ ಮಂತ್ರವನ್ನು ಮೂರು ಉಸಿರಿನಲ್ಲಿ ಹೇಳಿ ಧ್ಯಾನಿಸುವ ಕ್ರಮವಿದೆ. ಅವಳಿಗೆ ಅದು ನಾಲ್ಕು ಉಸಿರಾಯಿತು, ಆಮೇಲೆ ಆರಾಯಿತು, ಆಮೇಲೆ ಸಾಲಿಗೊಂದು ಸಲ ನಿಲ್ಲತೊಡಗಿದಳು. ಮಳೆಗಾಲದಲ್ಲಿ ಹಡಗುಗಳು ಹೊರಡಲಾಗದೆ ನಿಂತೇ ಇರುತ್ತವೆ, ಹೊಗೆಗಳೂ ಮನೆಗಳಲ್ಲಿ ಕುಳಿತೇ ಇರುತ್ತವೆ. ಹೋದ ಮಳೆಗಾಲದಲ್ಲಿ ಅವಳು ಆ ಕುರ್ಚಿಯಲ್ಲಿಯೇ ಒರಗಿಕೊಂಡು ಹೋಗಿಬಿಟ್ಟಳು. ಎದುರಿನ ಬೆಂಚಿನಲ್ಲಿ ಹೊಗೆ ತಲೆ ತಗ್ಗಿಸಿ ಕುಳಿತಿತ್ತು. ತಂಗಿಯನ್ನು ಅಕ್ಕ ಕಳುಹಿಸಿಕೊಡುವುದು ಸರಿಯಾದ ಕ್ರಮವಲ್ಲ. ಜೀವ ಒಂದು ಮೈ ಬಿಟ್ಟ ಕ್ಷಣದಲ್ಲಿಯೇ ಇನ್ನೊಂದು ಮೈಗೆ ಹೋಗುತ್ತದೆ, ಅತ್ತರೆ ಅದಕ್ಕೂ ಭಾರ, ನಮಗೂ ಭಾರ ಎಂದು ನನಗೆ ಗೊತ್ತಿದೆ. ಗೊತ್ತಿದ್ದೂ ಅತ್ತೆ.

ಕುರ್ಚಿಯನ್ನು ಸರಿಸಿದಾಗ ಗೋಡೆಯಲ್ಲಿ ಅವಳು ಕಂಡಳು. ಇಷ್ಟು ವರ್ಷ ಅವಳು ಒರಗಿದ್ದ ಜಾಗವೊಂದನ್ನು ಬಿಟ್ಟು ಉಳಿದ ಗೋಡೆಯೆಲ್ಲ ಹೊಗೆಯಿಂದ ಕಪ್ಪಾಗಿತ್ತು. ಆ ಕಪ್ಪಿನ ನಡುವೆ ತಲೆ, ಕೊರಳು, ಎರಡು ಹೆಗಲು, ಹಳೆಯ ಸುಣ್ಣದ ಬಿಳಿಯಲ್ಲಿ ಅಚ್ಚಾಗಿ ಉಳಿದಿದ್ದವು. ನಾನು ಕುರ್ಚಿಯನ್ನು ಒಳಕೋಣೆಯಲ್ಲಿಟ್ಟೆ. ದಿನಾ ಬೆಳಿಗ್ಗೆ ಆ ಬಿಳಿಯ ಮುಂದೆ ಒಂದು ಹೂ ಇಡುತ್ತಿದ್ದೆ.

ಪ್ರಭೆ ಹೋಗುವುದಕ್ಕೆ ಒಂದು ವರ್ಷ ಮೊದಲೇ ಸರಕಾರದಿಂದ ಒಂದು ನಿಯಮ ಬಂದಿತ್ತು. ದೀಪಸ್ತಂಭ ಕಾಣುವಷ್ಟು ಹತ್ತಿರ ಬಂದ ಮೇಲೆ ಯಾವ ಹಡಗೂ ಗಂಧಕ ತುಂಬಿದ ಕಪ್ಪೆಣ್ಣೆ ಉರಿಸಬಾರದು, ಗಂಧಕ ತೆಗೆದ ತಿಳಿ ಎಣ್ಣೆಯನ್ನೇ ಉರಿಸಬೇಕು ಎಂದು. ಹಡಗುಗಳಲ್ಲಿ ಎರಡು ಟ್ಯಾಂಕು ಇರುತ್ತವಂತೆ, ಒಂದರಲ್ಲಿ ಕಪ್ಪು, ಒಂದರಲ್ಲಿ ತಿಳಿ. ರಾಯರು ತಮ್ಮ ದೋಣಿಯಲ್ಲಿ ಹೋಗಿ ನೋಡಿದಾಗೆಲ್ಲ ತಿಳಿ ಎಣ್ಣೆಯೇ ಉರಿಯುತ್ತಿರುತ್ತಿತ್ತು. ಆದರೂ ಮನೆಗೆ ಬರುವ ಹೊಗೆ ಮೊದಲಿನಷ್ಟೇ ದಪ್ಪ. ಇದೇಕೆ ಹೀಗೆ ಎಂದು ಜನ ಯೋಚಿಸಿದರು, ಹೊಗೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲವಲ್ಲ.

ಈ ಸಲದ ಮಳೆಗಾಲ ಹತ್ತಿರ ಬಂದಾಗ ಮಾಲಿನಿಯ ಎದೆಯಲ್ಲಿ ಅದೇ ಸಿಳ್ಳು ಕೇಳಿಸಿತು. ಅವಳು ಇಲ್ಲಿಯ ಶಾಲೆಯಲ್ಲಿ ಟೀಚರು. ಒಂದು ಪಾಠ ಓದುವುದರಲ್ಲಿ ಹತ್ತು ಕಡೆ ನಿಲ್ಲುತ್ತಿದ್ದಳು. ನಾನು ದೇವರ ಮುಂದೆ ಕುಳಿತಾಗ ಅವಳು ಪಕ್ಕದಲ್ಲಿ ಕುಳಿತು ಮಂತ್ರ ಹೇಳುತ್ತಿದ್ದಳು. ಒಂದು ದಿನ ಮೂರನೆಯ ಸಾಲಿನಲ್ಲಿ ಉಸಿರು ಕಡಿಯಿತು. ಅವಳು ಎದ್ದು ಹೊರಗೆ ಹೋದಳು. ಡಾಕ್ಟರಮ್ಮ ಎದೆಗೆ ನಳಿಗೆ ಇಟ್ಟು ಕೇಳಿ, "ತಾಯಿಯದೇ ದಾರಿ ಅನಂತಮ್ಮ. ಇನ್ನೊಂದು ಮಳೆಗಾಲ ಈ ಹೊಗೆಯ ಜೊತೆ ಕೂತರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದರು. "ಬೇರೆ ಊರಿಗೆ ಹೋಗು ಮಗಾ" ಎಂದೆ ನಾನು. "ಶಾಲೆಯ ಮಕ್ಕಳನ್ನೂ ಕರ್ಕೊಂಡು ಹೋಗ್ಬೇಕಾಗ್ತದೆ ದೊಡ್ಡಮ್ಮ. ಹಿಂದಿನ ಬೆಂಚಿನವರೆಲ್ಲ ನನ್ನ ಹಾಗೆಯೇ ಕೆಮ್ಮುದು" ಎಂದಳು.

ಆ ವಾರವೇ ಇದ್ದಿನಬ್ಬ ಅಂಗಡಿಯ ಕೆಲಸ ಬಿಟ್ಟು ನಮ್ಮ ಮನೆಯ ಜಗಲಿಗೆ ಬಂದ. ನಮ್ಮ ತಂದೆಯ ಕಾಲದಿಂದ ಬಳಕೆಯ ಮನುಷ್ಯ, ಊರಿನ ಸುದ್ದಿಯೆಲ್ಲ ಅವನ ಚಹದ ಪಾತ್ರೆಯ ಸುತ್ತಲೇ ಕುದಿಯುವುದು. "ಅನಂತಕ್ಕ, ಕೇಳಿದ್ರಾ? ಕೆಂಪು ಹಡಗಿನ ಕಂಪೆನಿಯ ಏಜೆಂಟ್ ಬಂದಿದ್ದಾನೆ. ಗಿರಿಧರ ಅಂತ. ಶೂಸಿನಲ್ಲಿ ಮುಖ ನೋಡಬಹುದು, ಹಾಗುಂಟು."

"ಎಂತಕ್ಕೆ ಬಂದದ್ದು?"

"ನಿಯಮ ತೆಗೆಸ್ಲಿಕ್ಕೆ. ನಾವು ಎರಡು ವರ್ಷದಿಂದ ತಿಳಿ ಎಣ್ಣೆಯೇ ಉರಿಸುದು, ಆದ್ರೂ ಹೊಗೆ ಕಡಿಮೆ ಆಗ್ಲಿಲ್ಲ, ಹಾಗಾದ್ರೆ ಇದು ನಮ್ಮ ಹೊಗೆ ಅಲ್ಲ, ಊರಿನವರ ಒಲೆಯ ಹೊಗೆ ಅಂತ ಹೇಳ್ತಾನೆ. ನನ್ನ ಚಹದ ಒಲೆಯ ಫೋಟೊ ತೆಗೆದ ಮಾರಾಯ್ತಿ! ನನ್ನ ಒಲೆಯ!"

"ರಾಯರು ಎಂತ ಹೇಳಿದ್ರು?"

"ಅವರು ಪಾಪ. ಸಾಕ್ಷಿ ಇಲ್ಲದಿದ್ರೆ ನಾನೆಂತ ಬರೆಯುದು ಇದ್ದಿನಬ್ಬ, ಅಂತ ಕೇಳಿದ್ರು. ಶುಕ್ರವಾರಕ್ಕೆ ವರದಿ ಕಳಿಸ್ಬೇಕಂತೆ. ನಿಯಮ ಹೋದ ಹಾಗೆಯೇ." ಅವನು ತೆರೆದ ಬಾಗಿಲಿನಿಂದ ಗೋಡೆಯ ಬಿಳಿಯ ಕಡೆ ನೋಡಿ ಟೊಪ್ಪಿ ಸರಿಮಾಡಿಕೊಂಡ. "ಪ್ರಭಕ್ಕ ಇದ್ದಿದ್ರೆ ಆ ಏಜೆಂಟನಿಗೂ ಪಾಯಸ ಮಾಡಿ ಬಡಿಸ್ತಿದ್ರು, ಅಲ್ಲವಾ?"

ಆ ಮಾತು ನನ್ನಲ್ಲಿ ಉಳಿಯಿತು. ಮರುದಿನ ಬಸದಿಗೆ ಹೋಗಿ ಸ್ವಾಮಿಯ ಮುಂದೆ ಬಹಳ ಹೊತ್ತು ಕುಳಿತೆ. ನಿಂತ ಬಿಂಬದ ಮೈಯ ಮೇಲೂ ಕಪ್ಪು ಕುಳಿತಿತ್ತು, ಕಲ್ಲಿನ ಬೆರಳ ತುದಿಗಳು ಉಪ್ಪಿನ ಹಾಗೆ ಸವೆದಿದ್ದವು. ಅತಿಥಿಯನ್ನು ಪ್ರಶ್ನೆ ಕೇಳಿದರೆ ಒಂದು ಮನೆಯ ಮರ್ಯಾದೆ ಹೋಗುತ್ತದೆ. ಕೇಳದಿದ್ದರೆ ಗಾಳಿಯಲ್ಲಿರುವ ಕಾಣದ ಜೀವಗಳು, ಹಿಂದಿನ ಬೆಂಚಿನ ಮಕ್ಕಳು, ಮಾಲಿನಿ. ಅಹಿಂಸೆಯೆಂದು ದಿನಾ ಹೇಳುವ ಬಾಯಿ ಇಷ್ಟು ವರ್ಷ ಮರ್ಯಾದೆಗಾಗಿ ಮುಚ್ಚಿಕೊಂಡಿತ್ತು. ಎದ್ದು ನಮಸ್ಕಾರ ಮಾಡುವಾಗ ನನ್ನ ಮನಸ್ಸು ಗಟ್ಟಿಯಾಗಿತ್ತು.

ಗುರುವಾರ ಕೆಂಪು ಹಡಗು ಬರುವುದಿತ್ತು. ಶ್ರೀಪತಿ ರಾಯರನ್ನೂ ಏಜೆಂಟ್ ಗಿರಿಧರರನ್ನೂ ಹಗಲಿನ ಊಟಕ್ಕೆ ಕರೆದೆ. ಮಾಲಿನಿಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿದಾಗ ಅವಳು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು.

"ದೊಡ್ಡಮ್ಮ, ಊರವರು ನಮ್ಮ ಮನೆಗೆ ಕಾಲಿಡುದಿಲ್ಲ ಮತ್ತೆ."

"ಇಡದಿರಲಿ."

"ನೀವು ಒಬ್ಬರೇ ಇರುದಕ್ಕೆ ಆಗ್ತದಾ? ಜನ ಇಲ್ಲದೆ ಒಂದು ದಿನ ಕೂತವರಲ್ಲ ನೀವು."

"ನೀನು ಇರ್ತಿಯಲ್ಲ. ಅದಕ್ಕೇ ಇದೆಲ್ಲ ಮಾಡುದು" ಎಂದೆ. ಅವಳು ಮತ್ತೆ ಸೌತೆಕಾಯಿಯನ್ನು ಬಹಳ ಸಣ್ಣಗೆ ಹೆಚ್ಚಿದಳು.

ಹಡಗಿನ ಕೂಗು ಕೇಳಿದ ಮೇಲೆ ರಾಯರೂ ಏಜೆಂಟರೂ ಬಂದರು. ಇದ್ದಿನಬ್ಬ ಕರೆಯದಿದ್ದರೂ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತ, ಅವನ ಹಿಂದೆ ಬೀದಿಯ ಅರ್ಧ ಜನ. ಸ್ವಲ್ಪ ಹೊತ್ತಿಗೆ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಹೊಗೆ ಬಾಗಿಲಿಗೆ ಬಂದು ಕೆಮ್ಮಿತು. ಒಳಗೆ ಬಂದು, ಗೋಡೆಯ ಮೇಲಿನ ಬಿಳಿಯನ್ನು ನೋಡಿ, ತನ್ನ ಬೆಂಚಿನಲ್ಲಿ ಕುಳಿತುಕೊಂಡಿತು. ಪ್ರಭೆ ಹೋದ ಮೇಲೆ ಅದು ಬಂದಾಗೆಲ್ಲ ಹೀಗೆಯೇ ಮೊದಲು ಗೋಡೆಯನ್ನು ನೋಡುತ್ತಿತ್ತು.

ನಾನು ತಟ್ಟೆಯಲ್ಲಿ ಬೆಲ್ಲ ತಂದೆ. ರಾಯರು ಕೈ ಅಡ್ಡ ಮಾಡಿ, "ಸಕ್ಕರೆ ಕಾಯಿಲೆ ಅಮ್ಮ" ಎಂದರು. ಜಗಲಿಯಲ್ಲಿ ಯಾರೋ ನಕ್ಕರು. ಏಜೆಂಟರ ಮುಂದೆ ತಟ್ಟೆ ಇಟ್ಟು, ಮೋಸ ಮಾಡಿದ ಪಾಪ ನನಗೆ ಬೇಡವೆಂದು ಮೊದಲೇ ಹೇಳಿದೆ. "ಈ ಬೆಲ್ಲ ತಿಂದವರು ಈ ಮಾಡಿನ ಕೆಳಗೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ. ಯೋಚನೆ ಮಾಡಿ ತಕೊಳ್ಳಿ."

ಅವರು ಜೋರಾಗಿ ನಕ್ಕರು. "ಕೇಳಿದ್ದೇನೆ, ಕೇಳಿದ್ದೇನೆ. ನಿಮ್ಮ ಊರಿನಲ್ಲಿ ಏನೇನೋ ನಂಬಿಕೆಗಳಿವೆ. ನಮಗೆ ಮುಚ್ಚಿಡುವುದಕ್ಕೆ ಏನಿದೆ?" ಎಂದು ಒಂದು ಚೂರು ಬಾಯಿಗೆ ಹಾಕಿ, ರುಚಿ ಹಿಡಿದು, ಇನ್ನೊಂದು ಚೂರನ್ನೂ ತೆಗೆದುಕೊಂಡರು. ಹೊಗೆಯೂ ತನ್ನ ಪಾಲಿನ ಬೆಲ್ಲ ತಿಂದು ಸೋಸಿದ ನೀರು ಕುಡಿಯಿತು.

ನಾನು ಬೆಂಚಿನ ಮುಂದೆ ಹೋಗಿ ನೆಲದ ಮೇಲೆ ಕುಳಿತೆ. ಎರಡೂ ಕೈ ಜೋಡಿಸಿದೆ. "ಅತಿಥಿಯನ್ನು ಕೇಳಬಾರದ್ದನ್ನು ಕೇಳ್ತಾ ಇದ್ದೇನೆ. ನನ್ನದು ತಪ್ಪಾದರೆ ಕ್ಷಮಿಸಬೇಕು" ಎಂದೆ. "ನಮ್ಮ ಮನೆಗೆ ಬರುವ ಮೊದಲು ನೀವು ಎಂತ ಉಂಡಿದ್ರಿ?"

"ಅಯ್ಯೋ ಅನಂತಕ್ಕ!" ಎಂದು ಹೊರಗಿನಿಂದ ಒಬ್ಬಳು ಬಾಯಿ ಮುಚ್ಚಿಕೊಂಡಳು. ನನ್ನ ಕಿವಿ ಬಿಸಿಯಾಯಿತು. ಹೊಗೆ ಒಮ್ಮೆ ಮೈಯೆಲ್ಲ ನಡುಗಿ ಸ್ವಲ್ಪ ತೆಳ್ಳಗಾದ ಹಾಗೆ ಕಂಡಿತು. ಎದ್ದು ಹೋಗುತ್ತದೆಂದು ನಾನು ಅಂದುಕೊಂಡೆ. ಅದು ಹೋಗಲಿಲ್ಲ. ಅದರ ಧ್ವನಿ ದೂರದ ಯಂತ್ರದ ಹಾಗೆ ಆಳವಾಗಿತ್ತು.

"ಅಮ್ಮಾ, ಇಷ್ಟು ವರ್ಷಗಳಲ್ಲಿ ಯಾರೂ ಕೇಳಲಿಲ್ಲ" ಎಂದಿತು. "ನಾನು ಉಂಡದ್ದು ಗಸಿ. ಒಳ್ಳೆಯ ಎಣ್ಣೆಯನ್ನೆಲ್ಲ ತೆಗೆದುಕೊಂಡ ಮೇಲೆ ತಳದಲ್ಲಿ ಉಳಿಯುವ ಕಪ್ಪು ಗಸಿ. ಅದರಲ್ಲಿ ಗಂಧಕ ತುಂಬಿದೆ, ಅದು ನನ್ನ ಮೈಯಲ್ಲಿ ಉರಿಯುತ್ತದೆ. ರಾಯರ ದೋಣಿ ಕಂಡಾಗ ಮುಂದಿನ ಟ್ಯಾಂಕಿನಿಂದ ತಿಳಿ ಎಣ್ಣೆ ಕೊಡುತ್ತಾರೆ, ದೋಣಿ ತಿರುಗಿದ ಕೂಡಲೇ ಹಿಂದಿನ ಟ್ಯಾಂಕಿನಿಂದ ಗಸಿ ಬಿಡುತ್ತಾರೆ. ಇವತ್ತು ದೀಪಸ್ತಂಭ ದಾಟಿದ ಮೇಲೂ ಅದನ್ನೇ ಉಂಡೆ. ಕಳೆದ ತಿಂಗಳೂ ಅದನ್ನೇ ಉಂಡೆ." ಅದು ಗೋಡೆಯ ಕಡೆ ನೋಡಿತು. "ಪ್ರಭಕ್ಕ ಎಲ್ಲವನ್ನೂ ನನಗೆ ಹೇಳುತ್ತಿದ್ದಳು, ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೇಳದೆ ಹೇಳುವುದಕ್ಕೆ ನನಗೆ ಬಾಯಿ ಇಲ್ಲ. ಅವಳು ಕೆಮ್ಮುವಾಗ ಎದ್ದು ಹೋಗಬೇಕೆನ್ನಿಸುತ್ತಿತ್ತು. ಹಡಗು ಹೊರಡದೆ ನಾನು ಹೋಗುವ ಹಾಗಿಲ್ಲ."

ನನಗೆ ಅಳು ಬಂತು. ಅದನ್ನು ದ್ವೇಷಿಸಬೇಕೆಂದು ಒಂದು ವರ್ಷದಿಂದ ಪ್ರಯತ್ನ ಮಾಡಿ ಸೋತಿದ್ದೆ. ಅದೂ ಯಾರೋ ಬಡಿಸಿದ್ದನ್ನು ಉಂಡು ಬಂದ ಪ್ರಾಣಿಯೆಂದು ಆಗ ತಿಳಿಯಿತು.

ಏಜೆಂಟರು ಟವೆಲಿನಿಂದ ಕೈ ಒರೆಸಿಕೊಂಡು ರಾಯರ ಕಡೆ ತಿರುಗಿದರು. "ಸಾರ್, ಹೊಗೆಯ ಹೇಳಿಕೆಯನ್ನು ಯಾವ ಕಾನೂನಿನಲ್ಲಿ ತೆಗೆದುಕೊಳ್ಳುತ್ತೀರಿ? ಸಹಿ ಹಾಕುತ್ತದೆಯೇ ಇದು?"

ರಾಯರು ಕಷ್ಟದಿಂದ ತಲೆಯಾಡಿಸಿದರು. "ಅದು ನಿಜ ಅಮ್ಮ. ಹೊಗೆ ಹೇಳಿತು ಅಂತ ಬರೆದರೆ ಮೇಲಿನವರು ನನ್ನನ್ನೇ ಆಸ್ಪತ್ರೆಗೆ ಕಳಿಸ್ತಾರೆ."

ಮಾಲಿನಿ ಅಡಿಗೆಮನೆಯ ಬಾಗಿಲಿನಿಂದ ಮುಂದೆ ಬಂದಳು. ಕೆಮ್ಮನ್ನು ಸೆರಗಿನಲ್ಲಿ ಅದುಮಿ, ಏಜೆಂಟರ ಎದುರು ನಿಂತು, ತರಗತಿಯಲ್ಲಿ ಕೇಳುವ ಹಾಗೆ ಕೇಳಿದಳು: "ಹಾಗಾದ್ರೆ ನೀವೇ ಹೇಳಿ. ನಿಮ್ಮ ಹಡಗು ಎಂತ ಉರಿಸುದು?"

"ತಿಳಿ..." ಎಂದು ಅವರು ಬಾಯಿ ತೆರೆದರು. ತುಟಿ ತೆರೆದೇ ಇತ್ತು, ಮುಂದಿನ ಮಾತು ಬರಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದರು. ಹಣೆಯಲ್ಲಿ ಬೆವರು ಮೂಡಿತು. ಆಮೇಲೆ ಬೇರೆ ಯಾರೋ ಮಾತಾಡುತ್ತಿರುವ ಹಾಗೆ, ಕಣ್ಣು ಅಗಲ ಮಾಡಿಕೊಂಡು, ಅವರು ಹೇಳಿದ್ದು ಇದು: "ಕಪ್ಪೆಣ್ಣೆ. ಅದು ಅಗ್ಗ. ದೋಣಿ ಬರುವಾಗ ಬದಲಾಯಿಸಿ ಎಂದು ಕ್ಯಾಪ್ಟನನಿಗೆ ಹೇಳಿಕೊಟ್ಟವನು ನಾನೇ." ಮಾತು ಮುಗಿದ ಮೇಲೆ ಅವರು ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

"ನನ್ನ ಒಲೆ?" ಎಂದು ಇದ್ದಿನಬ್ಬ ಜಗಲಿಯಿಂದ ಕೂಗಿದ.

"ನಿಮ್ಮ ಒಲೆಯದು ಏನೂ ಇಲ್ಲ" ಎಂದರು ಏಜೆಂಟರು ದೀನರಾಗಿ. ಜಗಲಿಯಲ್ಲಿ ನಗು ಎದ್ದಿತು, ಅದು ಬೀದಿಗೆ ಹೋಯಿತು, ಬೀದಿಯಿಂದ ಧಕ್ಕೆಯ ತನಕ ಹೋಯಿತು. ಇದ್ದಿನಬ್ಬ ಮಾತ್ರ ನಗಲಿಲ್ಲ. ಟೊಪ್ಪಿ ತೆಗೆದು, ಮುಖ ಒರೆಸಿಕೊಂಡು, "ಫೋಟೊ ವಾಪಸು ಕೊಡ್ಲಿ" ಎಂದ.

ಆಗ ಶ್ರೀಪತಿ ರಾಯರು ಮಾಡಿದ ಕೆಲಸವನ್ನು ನಾನು ಬದುಕಿರುವ ತನಕ ಮರೆಯಲಾರೆ. ಅವರು ಏಜೆಂಟರ ಮುಂದಿದ್ದ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, ಎಲ್ಲಕ್ಕಿಂತ ದೊಡ್ಡ ಚೂರು ಬೆಲ್ಲವನ್ನು ಆರಿಸಿ, ಜಗಿದು ನುಂಗಿದರು. "ಈಗ ಕೇಳಿ ಅಮ್ಮ" ಎಂದರು.

"ಸಕ್ಕರೆ ಕಾಯಿಲೆ?" ಎಂದು ಕೇಳಿದವನು ಇದ್ದಿನಬ್ಬ.

"ಇಲ್ಲ. ಎಂದೂ ಇರಲಿಲ್ಲ" ಎಂದರು ರಾಯರು, ಕಿವಿಯ ತನಕ ಕೆಂಪಾಗಿ. "ಅಮ್ಮ, ನೀವು ಕೇಳಿ."

ನಾನು ಕೇಳಿದೆ. "ರಾಯರೇ, ನಿಯಮ ಉಳಿಯುತ್ತದಾ?"

"ಉಳಿಯುತ್ತದೆ. ಏಜೆಂಟರು ಸಾಕ್ಷಿಗಳ ಮುಂದೆ ಒಪ್ಪಿದ್ದನ್ನು ಇವತ್ತೇ ಬರೆಯುತ್ತೇನೆ. ಇನ್ನು ಮುಂದೆ ದೀಪಸ್ತಂಭದ ಹತ್ತಿರ ಪ್ರತಿ ಹಡಗನ್ನೂ ನಿಲ್ಲಿಸಿ, ಕಪ್ಪೆಣ್ಣೆಯ ಟ್ಯಾಂಕಿನ ತಿರುಪಿಗೆ ನಾನೇ ಸೀಸದ ಮುದ್ರೆ ಹಾಕುತ್ತೇನೆ. ಮುದ್ರೆ ಒಡೆದ ಹಡಗು ಈ ಬಂದರಿಗೆ ಮತ್ತೆ ಬರುವುದಿಲ್ಲ." ಅವರು ತಟ್ಟೆಯನ್ನು ಕೆಳಗಿಟ್ಟು, "ಇದನ್ನು ಮೊದಲೇ ಮಾಡಬಹುದಿತ್ತು. ಹೆದರಿಕೆಯಾಗಿತ್ತು" ಎಂದರು. ಆ ಕೊನೆಯ ಮಾತು ಯಾರ ಪ್ರಶ್ನೆಗೂ ಉತ್ತರವಾಗಿರಲಿಲ್ಲ.

ಏಜೆಂಟರೂ ಊಟ ಮಾಡಿಯೇ ಹೋದರು. ಮನೆಗೆ ಬಂದವರನ್ನು ಹಸಿದು ಕಳುಹಿಸುವ ಕ್ರಮ ನಮ್ಮಲ್ಲಿಲ್ಲ. ಮಾಲಿನಿ ಅವರಿಗೆ ಎರಡು ಸಲ ಪಾಯಸ ಬಡಿಸಿದಳು. ಅವರು ತಲೆ ಎತ್ತದೆ ಉಂಡರು. ಹೇಗಿದೆ ಎಂದು ಅವಳು ಕೇಳಿದಾಗ "ಇಷ್ಟು ಒಳ್ಳೆಯ ಪಾಯಸ ನಾನು ಉಂಡಿಲ್ಲ" ಎಂದರು. ಅದು ಸುಳ್ಳಾಗಿರಲು ಸಾಧ್ಯವಿರಲಿಲ್ಲ.

ಆ ಸಂಜೆ ಬೀದಿ ಖಾಲಿಯಾದ ಮೇಲೆ, ಇನ್ನು ಈ ಮನೆಗೆ ಯಾರೂ ಬರುವುದಿಲ್ಲವೆಂದು ನಾನು ಮನಸ್ಸನ್ನು ಸಿದ್ಧ ಮಾಡಿಕೊಂಡೆ. ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಪಕ್ಕದ ಮನೆಯ ಸೊಸೆ ನಿಂತಿದ್ದಳು. "ಅನಂತಕ್ಕ, ನಮ್ಮ ಬೆಂಚಿನ ಮೇಲೆ ಒಂದು ಹೊಗೆ ಕೂತಿದೆ. ಅದನ್ನು ಹೇಗೆ ಕೇಳುದು ಅಂತ ಹೇಳಿಕೊಡ್ತೀರಾ? ನನಗೆ ಬಾಯಿ ಬರುದಿಲ್ಲ." ಅವಳ ಹಿಂದೆ ಇನ್ನಿಬ್ಬರು ಇದ್ದರು. ಆ ವಾರವೆಲ್ಲ ನಾನು ಮನೆಯಿಂದ ಮನೆಗೆ ಹೋಗಿ, ಹೊಗೆಗಳ ಮುಂದೆ ನೆಲದ ಮೇಲೆ ಕುಳಿತು, ಕೈ ಜೋಡಿಸಿ ಕೇಳಿದೆ. ಎಲ್ಲವೂ ಹೇಳಿದವು. ಕೆಲವು ನಾನು ಬರುವುದನ್ನೇ ಕಾಯುತ್ತಿದ್ದವು. ಒಂದು ಚಿಕ್ಕ ಹೊಗೆಯಂತೂ ನಾನು ಬಾಯಿ ತೆರೆಯುವ ಮೊದಲೇ "ನನ್ನನ್ನು ಕೇಳಿ, ನನ್ನನ್ನು ಕೇಳಿ" ಎಂದು ಬೆಂಚಿನ ಮೇಲೆ ಎದ್ದು ನಿಂತಿತು. ರಾಯರು ಆ ಹಡಗುಗಳಿಗೆಲ್ಲ ದೋಣಿ ತೆಗೆದುಕೊಂಡು ಹೋದರು, ಈ ಸಲ ಹೇಳದೆ ಕೇಳದೆ. ಹಿಂದಿನ ಟ್ಯಾಂಕುಗಳ ತಿರುಪುಗಳಿಗೆ ಮುದ್ರೆ ಬಿತ್ತು.

ಮಳೆ ಹಿಡಿಯಿತು. ಹಡಗುಗಳು ಎಂದಿನಂತೆ ನಿಂತವು. ಕೆಂಪು ಹೊಟ್ಟೆಯ ಹಡಗೂ ಬಂತು. ನಾನು ಕೆಮ್ಮು ಕೇಳಿಸುತ್ತದೆಂದು ಬಾಗಿಲ ಕಡೆ ಕಿವಿಯಿಟ್ಟು ಕುಳಿತಿದ್ದೆ, ಕೇಳಿಸಲಿಲ್ಲ. ನೋಡಿದರೆ ಹೊಸ್ತಿಲ ಹತ್ತಿರ ಬಿಸಿ ಅನ್ನದ ಆವಿಯಷ್ಟು ತೆಳ್ಳಗೆ ಏನೋ ನಿಂತಿತ್ತು. ಅದು "ಅಮ್ಮಾ" ಎಂದಿತು, ದನಿಯಿಂದ ಗುರುತು ಹಿಡಿದೆ. ಹೊಗೆ ಹೊಗೆ ಅಲ್ಲವೆಂದು ಹೇಳಲಾರೆ, ಸ್ವಲ್ಪ ಘಾಟು ಆಗಲೂ ಇತ್ತು. ಆದರೆ ಆ ಕೊಳೆತ ವಾಸನೆ ಇರಲಿಲ್ಲ, ಕಣ್ಣು ಉರಿಯಲಿಲ್ಲ. ಬೆಲ್ಲ ಕೊಟ್ಟು, "ಊಟಕ್ಕೆ ಎಂತ ಇತ್ತು?" ಎಂದು ಕೇಳಿದೆ. "ತಿಳಿ ಎಣ್ಣೆ, ಅಮ್ಮ. ದೀಪಸ್ತಂಭಕ್ಕಿಂತ ಬಹಳ ದೂರದಿಂದಲೇ" ಎಂದು ಅದು ಹೆಮ್ಮೆಯಿಂದ ಹೇಳಿತು. ಬೆಂಚಿನಲ್ಲಿ ಕುಳಿತುಕೊಳ್ಳಲು ನೋಡಿತು, ಆದರೆ ಮೈ ಭಾರವಿಲ್ಲದೆ ಕೂರಲಾಗಲಿಲ್ಲ. ನಗುತ್ತಾ ಮೇಲೆದ್ದಿತು, ಅಂಗಳಕ್ಕೆ ಹೋಯಿತು, ಮಳೆ ಬಿಟ್ಟ ಒಂದು ಗಳಿಗೆಯಲ್ಲಿ ನಮ್ಮ ಮಾಡಿನ ಮೇಲಿನಿಂದ ನೇರವಾಗಿ ಆಕಾಶಕ್ಕೆ ಹೋಯಿತು. ಬೀದಿಯವರೆಲ್ಲ ಕೊಡೆ ಮಡಚಿ, ಕತ್ತು ಎತ್ತಿ ನೋಡಿದರು. ಹಡಗಿನ ಹೊಗೆ ಮೇಲೆ ಹೋಗುವುದನ್ನು ನಮ್ಮ ಊರು ನೋಡಿದ್ದು ಅದೇ ಮೊದಲು. ಇದ್ದಿನಬ್ಬ ಆ ದಿನ ಎಲ್ಲರಿಗೂ ಪುಕ್ಕಟೆ ಚಹ ಕೊಟ್ಟ, ರಾಯರಿಗೆ ಮೂರು ಚಮಚ ಸಕ್ಕರೆ ಹಾಕಿ.

ಪ್ರಭೆಯ ವರ್ಷದ ದಿನ ಹತ್ತಿರ ಬಂದಾಗ ಮಾಲಿನಿ ಬಕೆಟಿನಲ್ಲಿ ಸುಣ್ಣ ಕಲಸಿ ಚಾವಡಿಗೆ ತಂದಳು. ಊರಿನಲ್ಲಿ ಎಲ್ಲರೂ ಆಗ ಸುಣ್ಣ ಹಚ್ಚುತ್ತಿದ್ದರು, ಜಂತಿಯ ಕಪ್ಪು ತೊಳೆಯುತ್ತಿದ್ದರು. ನಾನು ಗೋಡೆಯ ಮುಂದೆ ನಿಂತು ಅಡ್ಡ ಕೈ ಹಿಡಿದೆ.

"ಇದೊಂದು ಗೋಡೆ ಬೇಡ ಮಗಾ. ಅಮ್ಮ ಹೋಗಿಬಿಡ್ತಾಳೆ."

"ದೊಡ್ಡಮ್ಮ, ಅಮ್ಮನ ಜಾಗಕ್ಕೆ ನಾನು ಕೈ ಹಾಕುದೇ ಇಲ್ಲ. ಅದು ಬಿಳಿ ಉಂಟಲ್ಲ. ಸುತ್ತಲಿನ ಕಪ್ಪಿಗೆ ಮಾತ್ರ ಹಚ್ಚುದು."

ಅವಳು ಬ್ರಷ್ಷು ಅದ್ದಿ ಹೊರಗಿನ ಮೂಲೆಯಿಂದ ಸುರುಮಾಡಿದಳು. ಹಚ್ಚುತ್ತಾ ಹಚ್ಚುತ್ತಾ ಮಂತ್ರ ಹೇಳುತ್ತಿದ್ದಳು, ತಾಯಿ ಹೂ ಕಟ್ಟುವಾಗ ಹೇಳುತ್ತಿದ್ದ ಹಾಗೆ. ನಾನು ಅವಳ ಉಸಿರನ್ನು ಕೇಳುತ್ತಾ ನಿಂತೆ. ಮೂರನೆಯ ಸಾಲು ಬಂತು, ಕಡಿಯಲಿಲ್ಲ. ನಾಲ್ಕನೆಯದು ಬಂತು. ಐದು ಸಾಲೂ ಮೂರು ಉಸಿರಿನಲ್ಲಿ ಮುಗಿದವು. ಅವಳಿಗೆ ಅದು ಗೊತ್ತಾಗಲೇ ಇಲ್ಲ, ಬ್ರಷ್ಷನ್ನು ಮತ್ತೆ ಅದ್ದಿದಳು. ಕಪ್ಪು ಹೆಗಲಿನ ತನಕ ಸರಿಯಿತು, ಕೊರಳಿನ ತನಕ ಸರಿಯಿತು, ತಲೆಯ ಸುತ್ತ ಒಂದು ಗೆರೆಯಷ್ಟು ಉಳಿಯಿತು. ಕೊನೆಯ ಗೆರೆಯನ್ನು ಹಚ್ಚುವ ಮೊದಲು ಅವಳು ನನ್ನ ಕಡೆ ನೋಡಿದಳು. ನಾನು ಅವಳ ಕೈಯಿಂದ ಬ್ರಷ್ಷು ತೆಗೆದುಕೊಂಡು ನಾನೇ ಹಚ್ಚಿದೆ.

ಸುಣ್ಣ ಒಣಗಿದ ಮೇಲೆ ತಂಗಿ ಎಲ್ಲಿ ಒರಗಿದ್ದಳೆಂದು ಹುಡುಕಿದೆ. ಅವಳ ಬಿಳಿ ಎಲ್ಲಿ ಮುಗಿಯುತ್ತದೆ, ಉಳಿದ ಬಿಳಿ ಎಲ್ಲಿ ಸುರುವಾಗುತ್ತದೆ ಎಂದು ತಿಳಿಯಲಿಲ್ಲ. ಗೋಡೆಯ ಈ ತುದಿಯಿಂದ ಆ ತುದಿಯ ತನಕ ಅವಳೇ ಇದ್ದಳು. ಒಳಕೋಣೆಯಿಂದ ಕುರ್ಚಿಯನ್ನು ತಂದು ಅದೇ ಜಾಗದಲ್ಲಿಟ್ಟು, ಒರಗಿ ಕುಳಿತು, ತುಂಬ ದೊಡ್ಡದೊಂದು ಉಸಿರು ತೆಗೆದುಕೊಂಡೆ.